ಗುಡ್ಡ ಇನ್ನೂ ಕುಂತಿಲ್ಲ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ಯಾರೋ ಬಂದು ಉಪ್ಪುಖಾರ ಹಚ್ಚಿ ನಿಮಗೆ ಹೇಳುವುದು ಬೇಡ. ದೊಡ್ಡಪ್ಪನ ಕುರಿಗಳನ್ನು ಗುಡ್ಡದ ಆ ಮಗ್ಗುಲಿಗೆ ಹತ್ತಿಸಿದವನು ನಾನು. ದನಿ ಅವನದು, ಗಂಟಲು ನನ್ನದು. ಅವನ ದನಿ ಮೇಲೆ ನಿಂತು ಕುರಿ ಕರೆಯುತ್ತಿದ್ದಾಗ ಅವನು ಮಾತ್ರ ಕೆಳಗೆ ಡಾಂಬರು ರಸ್ತೆಯ ಹೋಟೆಲಿನಲ್ಲಿ ಕಪ್ಪಿನಿಂದ ಬಸಿಗೆ ಚಾ ಸುರಿದುಕೊಂಡು ಊದುತ್ತ ಕುಳಿತಿದ್ದ.

ಬೇರೆಯವರ ದನಿಯೇ ನನ್ನ ಹೊಟ್ಟೆಪಾಡು. ಯಾದಗಿರಿಯ ಸೀರೆ ಅಂಗಡಿಯ ಆಟೋ ಮೈಕಿನಲ್ಲಿ "ಬರ್ರಿ ಅಕ್ಕಾರ, ನೋಡಾಕ ರೊಕ್ಕಿಲ್ಲ" ಎಂದು ಕರೆಯುವ ಹೆಣ್ಣುಮಗಳು ನಾನೇ. ಸುರಪುರದ ಬೀಜ-ಗೊಬ್ಬರದ ಅಂಗಡಿಯ ಪರವಾಗಿ ಕೆಮ್ಮಿ ಕೆಮ್ಮಿ ಬುದ್ಧಿ ಹೇಳುವ ಹಿರಿಯ ರೈತನೂ ನಾನೇ. ಶಹಾಪುರದ ಒಂದು ಟ್ಯೂಷನ್ನಿನವರು "ನಾನು ಇಲ್ಲೇ ಓದಿ ಪಾಸಾದೆ" ಎನ್ನುವ ಹುಡುಗನ ದನಿ ಬೇಕೆಂದರು. ಅದನ್ನೂ ಮಾಡಿಕೊಟ್ಟೆ. ನಾನು ಪಾಸಾದ ಬಗೆ ನಮ್ಮ ಮೇಷ್ಟ್ರಿಗೆ ಗೊತ್ತು, ಅವರು ಇವತ್ತಿಗೂ ಆ ಟ್ಯೂಷನ್ನಿನ ಆಟೋ ಬಂದರೆ ಬಾಗಿಲು ಹಾಕಿಕೊಳ್ಳುತ್ತಾರಂತೆ.

ನಮ್ಮ ಮನೆ ಶಹಾಪುರದಿಂದ ವನದುರ್ಗದ ಕಡೆಗೆ ಹೋಗುವ ದಾರಿಯಲ್ಲಿ, ಒಂದು ಕಲ್ಲುಗುಡ್ಡದ ಬುಡದಲ್ಲಿದೆ. ಕುರಿ ಕಾಯುವ ಕೆಲವೇ ಮನೆಗಳು. ಅಪ್ಪ ತೀರಿಕೊಂಡ ಮೇಲೆ ಹಿಂಡು ಪಾಲಾಯಿತು. ಒಂದು ಪಾಲು ಅವ್ವನದು, ದೊಡ್ಡದು ದೊಡ್ಡಪ್ಪನದು. ಪಾಲು ಸರಿಯಾಗಿಯೇ ಆಗಿದೆ ಎಂದು ದೊಡ್ಡಪ್ಪ ಹೇಳುತ್ತಾನೆ. ಆ ಮಾತು ಬಂದಾಗಲೆಲ್ಲ ಅವ್ವ ಬೇರೆ ಕಡೆಗೆ ನೋಡುತ್ತಾಳೆ. ನಮ್ಮ ಎರಡು ಮನೆಗಳ ನಡುವಿನ ಎಲ್ಲ ಸಂಗತಿಯೂ ಹೀಗೆಯೇ. ಬಾಯಲ್ಲಿ ಹೌದು, ಕಣ್ಣಲ್ಲಿ ಇಲ್ಲ.

ಗುಡ್ಡದ ಪಡುವಣ ಮಗ್ಗುಲಲ್ಲಿ ಕಲ್ಲು ಪುಡಿ ಮಾಡುವ ಕ್ರಷರ್ ಬಂದು ಈಗ ಕೆಲವು ವರ್ಷಗಳಾದವು. ಮುಂಗಾರಿಗೆ ಮೊದಲಿನ ಬಿರುಗಾಳಿ ಎದ್ದಿತೆಂದರೆ ಅಲ್ಲಿ ಗುಡ್ಡೆ ಹಾಕಿದ ಡಸ್ಟು, ಎಂದರೆ ಹಿಟ್ಟಿನಂಥ ಕಲ್ಲುಪುಡಿ, ಮೇಲೆದ್ದು, ಗುಡ್ಡದ ನೆತ್ತಿ ದಾಟಿ, ಗಾಳಿ ಬಡಿಯದ ಈ ಕಡೆಯ ಮಗ್ಗುಲಲ್ಲಿ ಬಂದು ಬೀಳುತ್ತದೆ. ಅಲ್ಲಿರುವುದು ಒಂದು ದೊಡ್ಡ ಹಾಸುಬಂಡೆ, ಕಡಿದಾಗಿ ಇಳಿದು ಬಂದಿದೆ, ನುಣ್ಣಗಿದೆ. ಅದರ ಮೇಲೆ ಪುಡಿ ಮೊಣಕಾಲಿನ ತನಕ, ಕೆಲವೊಮ್ಮೆ ಸೊಂಟದ ತನಕ ತುಂಬಿಕೊಳ್ಳುತ್ತದೆ. ಹಿಂದೆಯೇ ಒಂದು ಮಳೆ ಬಂತೋ, ಮೇಲಿನ ಪದರ ಬಿಗಿದು ಗಟ್ಟಿ ನೆಲದಂತೆ ಕಾಣುತ್ತದೆ, ಒಳಗೆ ಮಾತ್ರ ಸಡಿಲ; ತುಳಿದರೆ ಇಡೀ ರಾಶಿ ಬಂಡೆಯ ಮೇಲಿಂದ ಜಾರಿಬಿಡಬಹುದು. ಅದರ ಆಚೆ, ನೆತ್ತಿಯ ಕೆಳಗಿನ ಸಣ್ಣ ಬಯಲಿನಲ್ಲಿ ಎಲ್ಲರ ಹೊಲಕ್ಕಿಂತ ಮೊದಲು ಹುಲ್ಲು ಚಿಗುರುತ್ತದೆ. ಹಿಂಡು ಅಲ್ಲಿಗೆ ಹೋಗಬೇಕಾದರೆ ಈ ಪುಡಿಯ ಮೇಲೆಯೇ ದಾಟಬೇಕು.

ಇದೆಲ್ಲ ಗೊತ್ತಿದ್ದದ್ದರಿಂದ ನಮ್ಮಲ್ಲಿ ಒಂದು ಪದ್ಧತಿ ಬೆಳೆದಿತ್ತು. ಗಾಳಿಮಳೆಯಾದ ಮೇಲೆ ಹಿರಿಯ ಕುರಿಗಾರ ಮೊದಲು ಹೋಗಿ ನೋಡಿ ಬರಬೇಕು. ಅವನು "ಗುಡ್ಡ ಕುಂತದ" ಎಂದರೆ ಪುಡಿ ಬಂಡೆಗೆ ಕಚ್ಚಿ ಗಟ್ಟಿಯಾಗಿದೆ ಎಂದರ್ಥ, ಹಿಂಡು ಬಿಡಬಹುದು. "ಕುಂತಿಲ್ಲ" ಎಂದರೆ ಯಾರೂ ಬಿಡುವ ಹಾಗಿಲ್ಲ. ಈಗಿನ ಹಿರಿಯ ದೊಡ್ಡಪ್ಪ. ಹಾಗಾಗಿ ಊರಿನ ಮೊದಲ ಹುಲ್ಲಿನ ಬೀಗದ ಕೈ ಅವನ ನಾಲಿಗೆಯಲ್ಲಿತ್ತು. ಅವ್ವ ಆ ನಾಲಿಗೆಯನ್ನು ನಂಬುವವಳಲ್ಲ.

ಆ ವರ್ಷ ಅವ್ವನ ಕುರಿಗಳು ತಡವಾಗಿ ಈದಿದ್ದವು. ಹಟ್ಟಿಯ ತುಂಬ ಮರಿ, ಕೆಚ್ಚಲಲ್ಲಿ ಹಾಲಿಲ್ಲ. ಮರಿಗಳು ತಾಯಿಯ ಹೊಟ್ಟೆಗೆ ಮೂತಿ ಗುದ್ದಿ ಗುದ್ದಿ, ಸೋತು, ಅಲ್ಲೇ ಕಾಲು ಮಡಚಿ ಕೂರುತ್ತಿದ್ದವು. ಒಣ ಹೊಟ್ಟಿನಿಂದ ಹಾಲು ಇಳಿಯುವುದಿಲ್ಲ, ಹಸಿರು ಬೇಕು. ಹಸಿರು ಇದ್ದದ್ದು ಮೇಲೆ. ಬಿರುಗಾಳಿ ಬಂತು, ಮಳೆಯೂ ಬಂತು, ಮೇಲಿನ ಬಯಲು ನಮ್ಮ ಅಂಗಳಕ್ಕೆ ಕಾಣುವ ಹಾಗೆ ಹಸಿರಾಯಿತು. ಅವ್ವ ದೊಡ್ಡಪ್ಪನ ಕಟ್ಟೆಗೆ ಹೋದಳು, ಹಿಂದೆ ನಾನು.

"ಭಾವಾರ, ಗುಡ್ಡ ಹ್ಯಾಂಗದ್ರಿ?"

ದೊಡ್ಡಪ್ಪ ಯಾವ ಮಾತಿಗೂ ಮೊದಲು ಗಂಟಲು ಕೆರೆಯುತ್ತಾನೆ. ಬಾವಿಯಲ್ಲಿ ಕೊಡ ತಳ ಮುಟ್ಟಿದಂಥ ಸದ್ದು. "ಖ್ಹುಂ… ಕುಂತಿಲ್ಲ."

"ಯಾವಾಗ ಕುಂದರ್ತದ್ರಿ?"

"ಖ್ಹುಂ… ಅದೇನ್ ನನ್ನ ಸೊಸಿಯೇನು, ಹೇಳಿದ ಕೂಡ್ಲೆ ಕುಂದರಾಕ?"

ದಾರಿಯಲ್ಲಿ ನಾನು ಅವನ ಖ್ಹುಂ ಮಾಡಿ ತೋರಿಸಿದೆ. ಅವ್ವ ನಗಲಿಲ್ಲ. "ನಗಸಾಕ ಬರಬ್ಯಾಡ ನೀ. ಅಂವ ಮುಂಜಾನಿ ಎದ್ದು ಮ್ಯಾಲ ಹೋಗುವಾಗ ಕಂಕುಳಾಗ ಏನಿರ್ತದ ನೋಡಿಯೇನು?"

"ಬಡಿಗಿ."

"ಬಡಿಗಿ ಕೈಯಾಗ. ಕಂಕುಳಾಗ ಖಾಲಿ ಚೀಲ. ಬರುವಾಗ ಅದು ತುಂಬಿರ್ತದ. ಗುಡ್ಡ ಕುಂತದೋ ಇಲ್ಲೋ ನೋಡಾಕ ಚೀಲ ಯಾಕ ಬೇಕು?"

ಪೊಲೀಸರು ಕೇಳಬೇಕಾದ ಪ್ರಶ್ನೆ. ನಾನು ಪೊಲೀಸನಾದೆ. ಮರುದಿನ ಬೆಳಿಗ್ಗೆ ದೊಡ್ಡಪ್ಪನಿಗೆ ತಿಳಿಯದ ಹಾಗೆ ಹಿಂದೆ ಹೋಗಿ ಬಂಡೆಗಳ ಸಂದಿಯಲ್ಲಿ ಅಡಗಿದೆ. ಅವನು ಪುಡಿಯ ಅಂಚಿನಲ್ಲಿ ನಿಂತು ಬಡಿಗೆ ಚುಚ್ಚಿದ. ಮೇಲೆ ಗಟ್ಟಿಯಾಗಿ ತಡೆಯಿತು, ಒತ್ತಿದ ಮೇಲೆ ಸರ್‍ರನೆ ಒಳಗಿಳಿಯಿತು. ಸಣ್ಣ ಗುಂಡಿ ತೋಡಿ ಅದರ ಗೋಡೆಗೆ ಮೇಲಿನಿಂದ ಕೆಳಗೆ ಬೆರಳು ಎಳೆದ. ಆಮೇಲೆ ಬೋರಲು ಮಲಗಿ ನೆಲಕ್ಕೆ ಕಿವಿ ಹಚ್ಚಿ ಅಂಗೈಯಿಂದ ಮೆಲ್ಲಗೆ ಬಡಿದ. ನನಗೆ ಅನಿಸಿದ್ದು, ಇವನಿಗೆ ಯಾರೋ ನೋಡುತ್ತಿದ್ದಾರೆಂದು ಗೊತ್ತಾಗಿದೆ, ಅದಕ್ಕೇ ಇಷ್ಟು ಚೆಂದದ ನಾಟಕ.

ನಾಟಕ ಮುಗಿದ ಮೇಲೆ ಅವನು ಪುಡಿಯ ಮೇಲೆ ಹೋಗಲಿಲ್ಲ. ಪಕ್ಕದ ಬರಿಬಂಡೆಯ ಅಂಚು ಹಿಡಿದು, ಒಬ್ಬ ಮನುಷ್ಯ ಅಡ್ಡಡ್ಡ ಹೋಗುವಷ್ಟು ಜಾಗದಲ್ಲಿ ಹಲ್ಲಿಯ ಹಾಗೆ ಅಂಟಿಕೊಂಡು ಮೇಲಿನ ಬಯಲಿಗೆ ಹೋದ. ಚೀಲ ತುಂಬಿಸಿಕೊಂಡು ಅದೇ ಅಂಚಿನಲ್ಲಿ ವಾಪಸ್ಸು ಬಂದ. ಚೀಲದ ಬಾಯಲ್ಲಿ ಹಸಿರು ಹೊರಗೆ ನೋಡುತ್ತಿತ್ತು. ಇಳಿಯುವಾಗ ನಾನು ಅಡಗಿದ್ದ ಬಂಡೆಯ ಈಚೆಗೇ ನಿಂತು ಫೋನು ತೆಗೆದ.

"ಖ್ಹುಂ… ಹಾಂ ಬೀಗರ, ನಾನ್ರಿ. ಯಾರನ್ನೂ ಬಿಟ್ಟಿಲ್ರಿ. ನೀವು ಶಿರವಾಳದಿಂದ ಹೊರಡೂ ಮುಂದ ಒಂದು ಫೋನ್ ಮಾಡ್ರಿ. ಹುಲ್ಲು ನಿಮ್ಮದ ಅಂತ ತಿಳೀರಿ."

ಹೋಯಿತು. ಇನ್ನೇನು ಬೇಕು? ಮಗಳನ್ನು ಕೊಟ್ಟ ಮನೆಯವರ ಹಿಂಡಿಗೆ ಹುಲ್ಲು, ತನ್ನ ಮರಿಗಳಿಗೆ ಚೀಲ, ನಮಗೆ "ಕುಂತಿಲ್ಲ". ಬೆರಳೆಳೆದದ್ದು, ಕಿವಿ ಹಚ್ಚಿದ್ದು ಎಲ್ಲವೂ ನನ್ನ ಕಣ್ಣಿಗೆ ಮೋಸವಾಗಿ ಕಂಡಿತು. ಅವ್ವನಿಗೆ ಹೇಳಿದೆ, ಎರಡೂ ದನಿ ಮಾಡಿ ಹೇಳಿದೆ, ಬೀಗರ ದನಿ ಕೇಳಿರದಿದ್ದರೂ. ಅವ್ವ ಒಂದು ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಬೆರಳಿಗೆ ಬೆಲ್ಲದ ನೀರು ಹಚ್ಚಿ ಚೀಪಿಸುತ್ತಿದ್ದಳು.

"ನಾ ಹೊಡ್ಕೊಂಡು ಹೋದ್ರ ಪದ್ಧತಿ ಮುರದ್ಲು ಅಂತಾರ" ಎಂದಳು. "ಅವನ ಕುರಿ ಮೊದಲ ಹೋದ್ರ ಯಾರೂ ಏನೂ ಅನ್ನಂಗಿಲ್ಲ."

ಅವಳು ಸುಮ್ಮನೆ ಅಂದ ಮಾತು. ನಾನು ಅದನ್ನು ಆರ್ಡರ್ ಎಂದು ತೆಗೆದುಕೊಂಡೆ.

ನಮ್ಮಲ್ಲಿ ಪ್ರತಿ ಕುರಿಗಾರನ ಕರೆ ಬೇರೆ. ನಾಲ್ಕು ಹಿಂಡು ಒಂದೇ ಕೆರೆಯಲ್ಲಿ ಕಲೆತು ನೀರು ಕುಡಿದರೂ, ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ನಿಂತು ಕರೆದರೆ ಕುರಿಗಳು ತಮ್ಮ ತಮ್ಮ ದನಿಯ ಹಿಂದೆ ಹೋಗಿಬಿಡುತ್ತವೆ. ದೊಡ್ಡಪ್ಪನ ಕರೆ ಮೊದಲು ಒಂದು ಖ್ಹುಂ, ಆಮೇಲೆ ನಾಲಿಗೆ ಉರುಳಿಸಿ "ಟುರ್‍ರ್‍ರ್… ಹ್ವಾ, ಹ್ವಾ". ಆ ಹ್ವಾದ ಬಾಲ ಸ್ವಲ್ಪ ಮೇಲಕ್ಕೆ ಎದ್ದು ಮುರಿಯುತ್ತದೆ. ಚಿಕ್ಕಂದಿನಿಂದ ಅದನ್ನು ಅಣಕಿಸಿ ಪೆಟ್ಟು ತಿಂದಿದ್ದೇನೆ. ಅವನ ಕುರಿಗಳಿಗೆ ನನ್ನ ದನಿಗೂ ಅವನ ದನಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ಚಾದ ಹೊತ್ತು ನೋಡಿಕೊಂಡೆ. ದೊಡ್ಡಪ್ಪ ಹೋಟೆಲಿಗೆ ಹೋಗಿದ್ದ. ಹಿಂಡು ಗುಡ್ಡದ ಬುಡದ ಬೇವಿನ ನೆರಳಿನಲ್ಲಿತ್ತು, ಕಾವಲಿಗೆ ದೊಡ್ಡವ್ವ ಇದ್ದಳು. ನಾನು ಅದೇ ಬಂಡೆಯ ಅಂಚು ಹಿಡಿದು, ಅವನು ಮಾಡಿದ ಹಾಗೆಯೇ ಹಲ್ಲಿಯಾಗಿ, ಪುಡಿಯ ಆಚೆ ಸೇರಿದೆ. ದೊಡ್ಡ ಗುಂಡುಕಲ್ಲಿನ ಹಿಂದೆ ಮರೆಯಾಗಿ ನಿಂತು, ಖ್ಹುಂ ಎಂದೆ, ಕರೆದೆ.

ಕೆಲಸ ಎಷ್ಟು ಚೆನ್ನಾಗಿ ಆಯಿತೆಂದರೆ ನನಗೇ ಮೈ ಜುಮ್ಮೆಂದಿತು. ಮೊದಲು ದೊಡ್ಡ ಟಗರು ತಲೆ ಎತ್ತಿತು. ಅದರ ಹಿಂದೆ ಹಿಂಡು ಎದ್ದಿತು. ಬುಡದಿಂದ ಸಾಲಾಗಿ ಹತ್ತಿ ಪುಡಿಯ ಮೇಲೆ ಕಾಲಿಟ್ಟವು. ಕೆಳಗಿನಿಂದ ದೊಡ್ಡವ್ವನ ಮಾತು ಕೇಳುತ್ತಿತ್ತು.

"ಏ, ಯಾವಾಗ ಮ್ಯಾಲ ಹೋದಿ? ಚಾಕ್ಕ ಹೋಗ್ತೀನಂದಿ! ನಿನ್ನಿ ತನಕ ಕುಂತಿಲ್ಲ ಅಂತಿದ್ದಿ, ಇವತ್ತು ಏನ್ ಅದಕ್ಕ ಕುರ್ಚಿ ಹಾಕಿ ಕುಂದ್ರಿಸಿಯೇನು?"

ಗುಂಡಿನ ಹಿಂದೆ ನಾನು ಬಾಯಿಗೆ ಟವೆಲ್ ತುರುಕಿಕೊಂಡು ನಗುತ್ತಿದ್ದೆ. ಮುಂದಿನ ಕುರಿಗಳು ಪುಡಿ ದಾಟಿ ನನ್ನ ಹತ್ತಿರ ಬಂದವು. ಏನೂ ಆಗಲಿಲ್ಲ. ನೋಡು, ಮುದುಕನ ಸುಳ್ಳು ಬಯಲಾಯಿತು ಎಂದುಕೊಂಡೆ. ಆಗ ಇಣುಕಿ ನೋಡಿದರೆ, ದೊಡ್ಡವ್ವ ಕೆಳಗೆ ಇರಲಿಲ್ಲ. ಸೆರಗು ಸಿಕ್ಕಿಸಿಕೊಂಡು, ಹಿಂದುಳಿದ ಒಂದು ಮರಿಯನ್ನು ಕಂಕುಳಿಗೆ ಹಾಕಿಕೊಂಡು, ಹಿಂಡಿನ ಹಿಂದೆ ಪುಡಿಯ ನಟ್ಟನಡುವೆ ಬರುತ್ತಿದ್ದಳು. ಇದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಗಂಡನ ದನಿ ಕರೆದರೆ ಕುರಿ ಮಾತ್ರ ಬರುತ್ತವೆಂದು ನನಗೆ ಯಾಕೆ ಅನಿಸಿತ್ತೋ!

"ಧಮ್" ಎಂದಿತು.

ಜೋರೇನಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ಜೋಳದ ಚೀಲ ಇಳಿಸಿದ ಹಾಗೆ. ಆದರೆ ಅದು ಕಿವಿಗಿಂತ ಮೊದಲು ಮೊಣಕಾಲಿಗೆ ಕೇಳಿತು. ಪುಡಿಯ ಇಡೀ ಮೈ ಒಂದು ಬೆರಳು ಕೆಳಗೆ ಕುಸಿದದ್ದು ಕಣ್ಣಿಗೆ ಕಂಡಿತು. ದೊಡ್ಡವ್ವ ನಿಂತಲ್ಲಿಂದ ಮೇಲೆ, ಇಳಿಜಾರಿಗೆ ಅಡ್ಡವಾಗಿ, ಕೂದಲೆಳೆಯಷ್ಟು ತೆಳ್ಳಗಿನ ಒಂದು ಬಿರುಕು ಓಡಿತು. ಹಾವು ಹರಿದ ಹಾಗೆ ಈ ತುದಿಯಿಂದ ಆ ತುದಿಗೆ. ಕುರಿಗಳು ನಿಂತಲ್ಲೇ ನಿಂತವು.

"ದೊಡ್ಡವ್ವಾ! ನಿಂದ್ರು! ಹಿಂದಕ್ಕ ಹೋಗು!" ಎಂದು ಕೂಗಿದೆ.

ಅವಳು ತಲೆ ಎತ್ತಿದಳು. "ಯಾರ್ ಅಂವ? ನೀನಾ? ನಿಮ್ಮ ದೊಡ್ಡಪ್ಪ ಎಲ್ಲಿ?"

ನಾನು ಉತ್ತರಿಸುವ ಮೊದಲೇ ಉತ್ತರ ಕೆಳಗಿನಿಂದ ಬಂತು. ಹೋಟೆಲಿನಿಂದ ಓಡಿ ಬಂದ ದೊಡ್ಡಪ್ಪ ಬೇವಿನ ಮರದ ಹತ್ತಿರ ನಿಂತು ಕರೆಯುತ್ತಿದ್ದ. ಟುರ್‍ರ್‍ರ್, ಹ್ವಾ, ಹ್ವಾ. ಕುರಿಗಳು ಅತ್ತ ತಿರುಗಿದವು. ಆಗ ನಾನು ಮಾಡಿದ್ದನ್ನು ಬರೆಯಲು ಈಗಲೂ ನಾಚಿಕೆ. ಹೋಗ್ರಿ ಹೋಗ್ರಿ ಎಂದು ಓಡಿಸಬೇಕೆಂದು ಬಾಯಿ ತೆರೆದೆ, ಹೆದರಿಕೆಯಲ್ಲಿ ಬಾಯಿಗೆ ಬಂದದ್ದು ಅದೇ ಹ್ವಾ, ಹ್ವಾ. ಕೆಳಗೆ ಒಬ್ಬ ದೊಡ್ಡಪ್ಪ, ಮೇಲೆ ಒಬ್ಬ ದೊಡ್ಡಪ್ಪ. ಕುರಿಗಳು ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ, ಆ ಬಿರುಕಿನ ಕೆಳಗೇ ಸುತ್ತತೊಡಗಿದವು. ಅವುಗಳ ನಡುವೆ ದೊಡ್ಡವ್ವ ಮರಿಯನ್ನು ಅವುಚಿಕೊಂಡು ನಿಂತಿದ್ದಳು.

"ಬಾಯಿ ಮುಚ್ಚೋ ಭಾಡ್ಯಾ!" ಎಂದಳು.

ಎರಡೂ ಕೈಯಿಂದ ಮುಚ್ಚಿಕೊಂಡೆ. ಅದೊಂದೇ ನಾನು ಆ ದಿನ ಮಾಡಿದ ಸರಿಯಾದ ಕೆಲಸ. ಉಳಿದದ್ದು ಒಂದೇ ದನಿ. ಕುರಿಗಳು ಅದರ ಹಿಂದೆ ಒಂದೊಂದಾಗಿ ಇಳಿದವು. ಎಲ್ಲ ಇಳಿದ ಮೇಲೆ ದೊಡ್ಡವ್ವ ತಾನು ಬಂದ ಹೆಜ್ಜೆಗಳ ಗುರುತಿನ ಮೇಲೇ ಕಾಲಿಡುತ್ತ, ತುಂಬಿದ ಕೊಡ ಹೊತ್ತವಳ ಹಾಗೆ, ಹಿಂದಕ್ಕೆ ಹೋದಳು. ಬಿರುಕು ಅಲ್ಲೇ ಇತ್ತು. ಪುಡಿ ಜಾರಲಿಲ್ಲ.

ನನ್ನ ಕಡೆ ದಾಟಿ ಬಂದಿದ್ದ ಕುರಿಗಳನ್ನು ಬಂಡೆಯ ಅಂಚಿನಿಂದ ಒಂದೊಂದನ್ನೇ ಹೆಗಲ ಮೇಲೆ ಹೊತ್ತು ಇಳಿಸುವ ಶಿಕ್ಷೆ ನನಗೇ ಬಂತು. ಟಗರು ದಾರಿಯುದ್ದಕ್ಕೂ ನನ್ನ ಬೆನ್ನಿಗೆ ಕಾಲು ಝಾಡಿಸುತ್ತಿತ್ತು. ಬೇಡ ಎನ್ನುವ ಸ್ಥಿತಿಯಲ್ಲಿ ನಾನಿರಲಿಲ್ಲ. ದೊಡ್ಡಪ್ಪ ಕೆಳಗೆ ನಿಂತು ಅವುಗಳನ್ನು ಇಳಿಸಿಕೊಂಡ. ಅವನು ಖ್ಹುಂ ಎಂದು ಕೂಡ ಅನ್ನಲಿಲ್ಲ, ಅದೇ ಹೆಚ್ಚು ಅಂಜಿಕೆ ತಂದದ್ದು.

ಸಂಜೆ ದೊಡ್ಡಪ್ಪನ ಅಂಗಳದಲ್ಲಿ ಕುರಿಮನೆಯವರೆಲ್ಲ ಸೇರಿದರು. ನನ್ನ ವಿಚಾರಣೆ ನಡೆಯುತ್ತದೆಂದುಕೊಂಡು ನಾನು ಮುಖ ತೊಳೆದು ಹೋಗಿದ್ದೆ. ಅವ್ವ ವಿಚಾರಣೆಯ ದಿಕ್ಕನ್ನೇ ತಿರುಗಿಸಿದಳು.

"ನನ್ನ ಮಗ ಮಾಡಿದ್ದು ತಪ್ಪು. ಮ್ಯಾಲ ಹೋದ ಜೀವಕ್ಕ ಏನರ ಆಗಿದ್ರ ನಾ ನಿಮಗ ಮುಖ ತೋರಸ್ತಿರಲಿಲ್ಲ. ಖರೆ, ಏನ್ ಬಿತ್ತು ಹೇಳ್ರಿ? ಇಡೀ ಹಿಂಡು ತುಳಿದು ಬಂತು. ಒಂದು ಸಣ್ಣ ಕಲ್ಲರ ಉರುಳಿತೇನು?"

"ಧಮ್ ಅಂತು ಅವ್ವಾ" ಎಂದೆ ನಾನು.

"ಹ್ಯಾಂಗಂತು?" ಎಂದು ಯಾರೋ ಕೇಳಿದರು.

ಕೆಟ್ಟ ಗಳಿಗೆ. ನಾನು ಎದೆಯ ಒಳಗಿನಿಂದ ಆ ಸದ್ದನ್ನು ತೆಗೆದೆ. ಹುಬೇಹೂಬ್ ಅದೇ ಸದ್ದು. ಅಂಗಳಕ್ಕೆ ಅಂಗಳವೇ ನಕ್ಕಿತು. "ಇನ್ನೊಮ್ಮಿ ಮಾಡಪಾ" ಎಂದರು. ಬಿರುಕು ಓಡಿದ್ದನ್ನು ಕೈಯಿಂದ ತೋರಿಸಿದೆ, ಅದಕ್ಕೂ ನಕ್ಕರು. ಜೀವಮಾನದಲ್ಲಿ ಒಮ್ಮೆ ಖರೆ ಹೇಳಲು ನಿಂತವನಿಗೆ ಚಪ್ಪಾಳೆ ಬಿತ್ತು.

ಅವ್ವ ಮಾತ್ರ ನನ್ನನ್ನು ಕಣ್ಣು ಸಣ್ಣ ಮಾಡಿ ನೋಡಿದಳು. "ಇಂವ ಮುಂಜಾನಿ ತನಕ ನನ್ನ ಕಡಿ ಇದ್ದ. ಈಗ ಆ ಕಡಿ ಆಗ್ಯಾನ. ಏನ್ ತಿನ್ನಿಸಿದ್ರಿ ಭಾವಾರ? ಹೋಗ್ಲಿ, ಇದನ್ನ ಹೇಳ್ರಿ. ದಿನಾ ಚೀಲದಾಗ ಏನ್ ತರ್ತೀರಿ? ಶಿರವಾಳದ ಬೀಗರಿಗೆ ಫೋನಿನ್ಯಾಗ ಏನ್ ಹೇಳೀರಿ?"

ದೊಡ್ಡಪ್ಪ ನನ್ನ ಕಡೆ ನೋಡಿದ. ನಾನು ಟಗರಿನ ಕಡೆ ನೋಡಿದೆ. ಅದೂ ನನ್ನನ್ನು ನಂಬುವ ಹಾಗೆ ಕಾಣಲಿಲ್ಲ.

"ಖ್ಹುಂ… ಹುಲ್ಲು ತಂದೀನಿ. ನಮ್ಮ ಮರಿಗೂ ಹಾಲಿಲ್ಲ. ಬೀಗರಿಗೂ ಹೇಳೀನಿ, ಕುಂತ ಮ್ಯಾಲ ಮೊದಲು ನೀವು ಬರ್ರಿ ಅಂತ. ಮಗಳು ಕೇಳಿದ್ಲು, ಇಲ್ಲ ಅನ್ನಾಕ ಆಗಲಿಲ್ಲ."

"ಕೇಳಿದ್ರೇನು!" ಅವ್ವ ಎದ್ದು ನಿಂತಳು. "ಇದು ಗುಡ್ಡದ ಮಾತಲ್ಲ, ಹುಲ್ಲಿನ ಮಾತು. ನೆಲಕ್ಕ ಕಿವಿ ಹಚ್ಚೂದು, ಬಡಿಗಿ ಚುಚ್ಚೂದು, ಎಲ್ಲಾ ಸೋಗು. ನನ್ನ ಮರಿ ಸಾಯಾಕತ್ತಾವ. ನಾಳಿ ಮುಂಜಾನಿ ನಾ ಹೊಡೀತೀನಿ. ಯಾರ್ ತಡೀತೀರಿ ತಡೀರಿ."

"ನಡೀರಿ, ನಾವೂ ಬರ್ತೀವಿ" ಎಂದು ಇನ್ನೊಂದು ಮನೆಯವರು ಹೇಳಿದರು. ದೊಡ್ಡಪ್ಪ ಪದರದ ಮಾತು ಎತ್ತಿದ. ಉಬ್ಬಿದ ರೊಟ್ಟಿಯ ಹಾಗೆ ಮೇಲೊಂದು ಪದರ, ನಡುವೆ ಟೊಳ್ಳು, ಕೆಳಗೆ ನುಣ್ಣನೆಯ ಬಂಡೆ, ಇನ್ನೊಂದು ಮಳೆ ಒಳಗಿಳಿಯಿತೆಂದರೆ ಎಂದು ಏನೋ ಹೇಳತೊಡಗಿದ. ಅವನ ಯಾವ ಮಾತನ್ನೂ ಆಗ ಯಾರೂ ಕೊಳ್ಳುವವರಿರಲಿಲ್ಲ. ನನಗೇ ಅರ್ಧ ಅನುಮಾನ ಹುಟ್ಟಿತ್ತು. ಧಮ್ ಎಂದದ್ದು ನಿಜವೇ, ಇಲ್ಲಾ ಅದನ್ನೂ ನಾನೇ ಮಾಡಿದೆನೇ?

ಇದೆಲ್ಲ ನಡೆಯುವಾಗ ದೊಡ್ಡವ್ವ ಕಟ್ಟೆಯ ಮೇಲೆ ಕೂತು ಅಂಗಾಲಿನ ಮುಳ್ಳು ತೆಗೆಯುತ್ತಿದ್ದಳು. ಆ ಪುಡಿಯ ನಟ್ಟನಡುವೆ ನಿಂತು ಬಂದವಳು ಅವಳೊಬ್ಬಳೇ. ಮುಳ್ಳು ತೆಗೆದು, ಕಣ್ಣಿನ ಹತ್ತಿರ ಹಿಡಿದು ನೋಡಿ, ಬಿಸಾಡಿ, ಅವ್ವನಿಗೆ ಒಂದು ಮಾತು ಹೇಳಿದಳು. ಎದ್ದು ನಿಂತಿದ್ದ ಅವ್ವ ಕೂತಳು. ಬರುತ್ತೇವೆಂದವರು ಕಂಬಳಿ ಹೆಗಲಿಗೆ ಹಾಕಿಕೊಂಡು ಎದ್ದರು. ಮರುದಿನದಿಂದ ನಮ್ಮ ಕುರಿಗಳು ಸಗರದ ಕಡೆಯ ಹೊಲದ ಬದುಗಳಿಗೆ ಹೋದವು. ಬೆಳಗಿನ ಚೀಲ ನಮ್ಮ ಹಟ್ಟಿಯಲ್ಲೂ ಖಾಲಿಯಾಗತೊಡಗಿತು, ಹೊರುವವನು ಯಾರೆಂದು ಕೇಳಬೇಡಿ. ಗುಡ್ಡದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ದೊಡ್ಡವ್ವ ಹೇಳಿದ್ದು ಇಷ್ಟೇ:

"ನಮ್ಮ ಮುದುಕ ಕಳ್ಳ ಅಂಬೋದು ನಿನಗ ಗೊತ್ತದ ತಂಗಿ, ನನಗ ನಿನಕಿಂತ ಮೊದಲಿಂದ ಗೊತ್ತದ. ಅದನ್ನ ಆ ಗುಡ್ಡಕ್ಕ ಯಾರರ ಹೇಳೀರೇನು?"